ದಾಟಲು ಎಂಟು ಸೆಕೆಂಡು

ಭಾನುವಾರ, ಬೆಳಗ್ಗೆ ಏಳು ಗಂಟೆ. ಕುಶಾಲನಗರದಿಂದ ಹಾರಂಗಿಗೆ ಹೊರಟ ಬಸ್ಸು ಮುಳ್ಳುಸೋಗೆ ದಾಟಿ, ಚಿಕ್ಕತ್ತೂರು ಹಿಂದೆ ಹಾಕಿ, ಹುದುಗೂರಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ನಿಮ್ಮನ್ನು ಇಳಿಸಿ ಮುಂದೆ ಹೋಗುತ್ತದೆ. ಆಗಸ್ಟ್ ತಿಂಗಳ ಕೊನೆ. ರಾತ್ರಿಯಿಡೀ ಸುರಿದ ಮಳೆ ಬೆಳಗಿನ ಜಾವಕ್ಕೆ ನಿಂತಿದೆ. ಡಾಂಬರು ಇನ್ನೂ ಒದ್ದೆ. ಒಂದು ಕಡೆ ಹೆಂಚಿನ ಮನೆಗಳ ಸಾಲು, ಇನ್ನೊಂದು ಕಡೆ ಶುಂಠಿ ಹೊಲ, ಅದರಾಚೆ ಮರಗಳು. ಮನೆಗಳ ಮೆಟ್ಟಿಲಿಗೂ ರಸ್ತೆಯ ಅಂಚಿಗೂ ನಡುವೆ ಇರುವುದು ಎರಡು ಹೆಜ್ಜೆ ಜಾಗ. ಬಾಗಿಲು ತೆಗೆದರೆ ಅಂಗಳ ಸಿಗುವುದಿಲ್ಲ, ನೇರವಾಗಿ ರಸ್ತೆಯೇ ಸಿಗುತ್ತದೆ.

ಹತ್ತು ನಿಮಿಷ ಇಲ್ಲೇ ನಿಂತರೆ ಈ ಊರಿಗೆ ಬೇರೆ ಅಂಗಳವಿಲ್ಲ ಎಂಬುದು ತಿಳಿಯುತ್ತದೆ. ಬಿಸಿಲು ಬಂದೀತು ಎಂಬ ನಂಬಿಕೆಯಲ್ಲಿ ಒಬ್ಬರು ಟಾರ್ಪಾಲು ಹಾಸಿ, ಡಾಂಬರಿನ ಅರ್ಧ ಅಡಿ ಒಳಕ್ಕೆ ಬರುವಂತೆ ಮುಸುಕಿನ ಜೋಳ ಹರಡುತ್ತಿದ್ದಾರೆ. ಹಾಲಿನ ಕ್ಯಾನು ಹಿಡಿದ ಹುಡುಗಿ ಸಹಕಾರ ಸಂಘದ ಕಡೆಗೆ ಓಡುತ್ತಿದ್ದಾಳೆ. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಬುತ್ತಿ ಚೀಲ ಹಿಡಿದು ಜೀಪಿಗಾಗಿ ಕಾಯುತ್ತಿದ್ದಾರೆ. ಒಂದು ಹಸು ರಸ್ತೆಯ ನಡುವೆ ನಿಂತು ಎತ್ತ ಹೋಗಲಿ ಎಂದು ಯೋಚಿಸುತ್ತಿದೆ. ಮಕ್ಕಳು ಆಡುವುದು ಇಲ್ಲೇ, ಮುದುಕರು ಕೂತು ಮಾತಾಡುವುದು ಇಲ್ಲೇ, ಮದುವೆಯ ದಿಬ್ಬಣ ಹೊರಡುವುದೂ ಇಲ್ಲಿಂದಲೇ.

ಅಷ್ಟರಲ್ಲಿ ಸದ್ದು ಕೇಳಿಸುತ್ತದೆ. ಗಾಡಿ ಇನ್ನೂ ಕಾಣುವುದಿಲ್ಲ. ಕುಶಾಲನಗರದ ಕಡೆಯ ತಿರುವಿನಾಚೆ ಒದ್ದೆ ಡಾಂಬರನ್ನು ಸೀಳಿಕೊಂಡು ಬರುವ ಟೈರಿನ ಸದ್ದು. ಹಾಲಿನ ಹುಡುಗಿ ತಿರುಗಿ ನೋಡುವುದಕ್ಕೂ ನಿಲ್ಲದೆ ಮಣ್ಣಿನ ಅಂಚಿಗೆ ಇಳಿಯುತ್ತಾಳೆ. ಜೋಳ ಹರಡುತ್ತಿದ್ದವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬಿಳಿ ಕಾರೊಂದು ತಿರುವಿನಿಂದ ಹೊಮ್ಮಿ ನಿಮ್ಮ ಮುಂದೆಯೇ ಸುಯ್ಯೆಂದು ಹೋಗುತ್ತದೆ. ಗಾಳಿಗೆ ಟಾರ್ಪಾಲಿನ ಅಂಚು ಎದ್ದು ಬೀಳುತ್ತದೆ. ಯಾರೂ ಬೈಯುವುದಿಲ್ಲ. ಈ ಬೀದಿಯವರಿಗೆ ಇದು ಪ್ರತಿ ಭಾನುವಾರದ ಮಾತು.

ಈಗ ಎದುರು ಮನೆಯ ಅಜ್ಜಿಯನ್ನು ಗಮನಿಸಿ. ಎಪ್ಪತ್ತು ದಾಟಿದ ಜೀವ, ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ಹೊಲದಿಂದ ಮನೆಗೆ ಬರಲು ಅವರು ರಸ್ತೆ ದಾಟಲೇಬೇಕು. ಅಂಚಿನಲ್ಲಿ ನಿಲ್ಲುತ್ತಾರೆ. ಹೊರೆ ಇರುವುದರಿಂದ ಕತ್ತು ಹೊರಳುವುದಿಲ್ಲ. ಇಡೀ ಮೈಯನ್ನೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನೋಡುತ್ತಾರೆ. ಏನೂ ಕಾಣದಿದ್ದಾಗ ಕಾಲಿಡುತ್ತಾರೆ. ಗಡಿಯಾರ ನೋಡಿಕೊಳ್ಳಿ: ರಸ್ತೆಯ ಅಗಲ ಐದೂವರೆ ಮೀಟರಿನಷ್ಟು, ಅವರಿಗೆ ಹಿಡಿದದ್ದು ಎಂಟು ಸೆಕೆಂಡು.

ತಿರುವು ಇರುವುದು ಎಂಬತ್ತು ಮೀಟರಿನಾಚೆ. ಅಜ್ಜಿ ಮೊದಲ ಹೆಜ್ಜೆ ಇಡುವ ಹೊತ್ತಿಗೆ ತಿರುವಿನಾಚೆ ಮರೆಯಲ್ಲಿ ಒಂದು ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ, ಅದು ಐದು ಸೆಕೆಂಡಿನೊಳಗೆ ಅವರು ನಿಂತಲ್ಲಿಗೆ ಬಂದಿರುತ್ತದೆ. ಆಗ ಅಜ್ಜಿ ಇರುವುದು ರಸ್ತೆಯ ನಡುಮಧ್ಯೆ. ಅದೇ ಕಾರು 30ರಲ್ಲಿ ಬಂದರೆ ಒಂಬತ್ತೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅಜ್ಜಿ ಮನೆಯ ಮೆಟ್ಟಿಲ ಮೇಲಿರುತ್ತಾರೆ. ಅವರು ಎಡಕ್ಕೂ ನೋಡಿದ್ದರು, ಬಲಕ್ಕೂ ನೋಡಿದ್ದರು. ನೋಡಿ ದಾಟಿ ಎಂದು ಅವರಿಗೆ ಉಪದೇಶ ಮಾಡುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಕಾರಿನ ವೇಗ.

ಚಾಲಕ ಅಜ್ಜಿಯನ್ನು ಕಂಡು ಬ್ರೇಕ್ ಒತ್ತಿದನೆನ್ನಿ. ಕಣ್ಣು ಕಂಡದ್ದು ಕಾಲಿಗೆ ತಲುಪಲು ಹೆಚ್ಚುಕಡಿಮೆ ಒಂದು ಸೆಕೆಂಡು. 30ರ ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ ಎಂಟು ಮೀಟರ್ ಮುಂದೆ ಬರುತ್ತದೆ, ಒಣ ರಸ್ತೆಯಲ್ಲಿ ಇನ್ನೈದು ಮೀಟರಿಗೆ ನಿಲ್ಲುತ್ತದೆ. 60ರಲ್ಲಿ ಆ ಸೆಕೆಂಡಿಗೇ ಹದಿನೇಳು ಮೀಟರ್, ನಿಲ್ಲುವುದಕ್ಕೆ ಮತ್ತೆ ಇಪ್ಪತ್ತು. ಒದ್ದೆ ಡಾಂಬರಿನ ಮೇಲೆ ಇನ್ನೂ ಹೆಚ್ಚು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ, ಜನರೂ ವಾಹನಗಳೂ ಒಟ್ಟೊಟ್ಟಿಗೆ ಓಡಾಡುವ ಬೀದಿಗಳಲ್ಲಿ 30 ಕಿಲೋಮೀಟರ್ ಮಿತಿ ಇರಲಿ ಎಂದು ಘೋಷಿಸಿದ್ದು ಇಂಥ ಲೆಕ್ಕಗಳನ್ನು ನೋಡಿಯೇ.

ಹತ್ತು ಗಂಟೆ ಆಯಿತು. ಬೆಂಗಳೂರು, ಮೈಸೂರು ಕಡೆಯ ಗಾಡಿಗಳು ಶುರುವಾಗಿವೆ. ಬೈಲಕುಪ್ಪೆಯ ಸ್ವರ್ಣಮಂದಿರ ನೋಡಿ, ಕಾವೇರಿ ನಿಸರ್ಗಧಾಮದಲ್ಲಿ ತೂಗುಸೇತುವೆ ದಾಟಿ, ದುಬಾರೆಗೆ ಹೋಗುವ ಮೊದಲೋ ಆಮೇಲೋ ಹಾರಂಗಿಗೆ ಒಂದು ಸುತ್ತು. ಕುಶಾಲನಗರದಿಂದ ಸುಮಾರು ಒಂಬತ್ತು ಕಿಲೋಮೀಟರ್ ಅಷ್ಟೇ. ಈ ತಿಂಗಳಲ್ಲಿ ಬರುವವರನ್ನು ತಪ್ಪು ಎನ್ನಲಾಗದು. 1982ರಲ್ಲಿ ಮುಗಿದ ಈ ಅಣೆಕಟ್ಟು 47 ಮೀಟರ್ ಎತ್ತರ, ಸುಮಾರು 846 ಮೀಟರ್ ಉದ್ದ. ಎಂಟೂವರೆ ಟಿಎಂಸಿ ನೀರು ಹಿಡಿಯುವ ಜಲಾಶಯ 2,859 ಅಡಿಗೆ ತುಂಬಿ ಬಂದಾಗ ನಾಲ್ಕು ಗೇಟುಗಳಿಂದ ನೀರು ಧುಮುಕುವುದನ್ನು ನೋಡುವುದು ಒಂದು ಭಾಗ್ಯವೇ. ಜೊತೆಗೆ ಉದ್ಯಾನ, ಅರಣ್ಯ ಇಲಾಖೆಯ ಆನೆ ಶಿಬಿರ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಒಂದು ದಿನ ಸಾಲದು.

ಆದರೆ ಆ ಒಂದು ದಿನದ ಅವಸರ ಈ ಬೀದಿಯ ಮೇಲೆ ಬೀಳುತ್ತದೆ. ಗಾಡಿಯ ಒಳಗಿರುವವರ ಕಣ್ಣು ಮೊಬೈಲಿನ ನಕ್ಷೆಯ ಮೇಲೆ. ಇನ್ನು ಏಳು ನಿಮಿಷ, ಇನ್ನು ಐದು ನಿಮಿಷ ಎಂದು ಅದು ಹೇಳುತ್ತಿರುತ್ತದೆ. ಹೆದ್ದಾರಿಯಲ್ಲಿ 80, 90ರಲ್ಲಿ ಬಂದ ಕಾಲು ಹಳ್ಳಿ ರಸ್ತೆಗೆ ಹೊರಳಿದ ಮಾತ್ರಕ್ಕೆ ತಾನಾಗಿ ಹಗುರಾಗುವುದಿಲ್ಲ. ಗುಂಡಿ ಬಿದ್ದ ರಸ್ತೆಯಾಗಿದ್ದರೆ ಗುಂಡಿಯೇ ತಡೆಯುತ್ತಿತ್ತು. ಡಾಂಬರು ನುಣುಪಾದಷ್ಟೂ ಗಾಡಿಯ ಓಟ ಹೆಚ್ಚುತ್ತದೆ. ಊರಿನವರು ಒಳ್ಳೆಯ ರಸ್ತೆಗಾಗಿ ವರ್ಷಗಟ್ಟಲೆ ಅರ್ಜಿ ಕೊಡುತ್ತಾರೆ. ರಸ್ತೆ ಬಂದ ಮೇಲೆ ಅದನ್ನು ದಾಟುವುದಕ್ಕೆ ಇನ್ನೊಂದು ಅರ್ಜಿ ಬರೆಯಬೇಕಾಗುತ್ತದೆ.

ಚಹಾ ಅಂಗಡಿಯ ಬೆಂಚಿನಲ್ಲಿ ಕುಳಿತುಕೊಳ್ಳಿ. ಇಲ್ಲಿ ಮಾತೆಲ್ಲ ಗಾಡಿಗಳ ವೇಗದ್ದೇ. ಬರೀ ಟೂರಿಸ್ಟುಗಳ ತಪ್ಪಲ್ಲ ಎನ್ನುತ್ತಾರೆ ಅಂಗಡಿಯವರು, ನಮ್ಮೂರ ಹುಡುಗರ ಬೈಕು ನೋಡಿದ್ದೀರಾ? ಹೇಳುತ್ತಿರುವಂತೆಯೇ ಒಂದು ಬೈಕು ಸೈಲೆನ್ಸರ್ ಸಿಡಿಸಿಕೊಂಡು ಹೋಗುತ್ತದೆ. ಮರದ ಲಾರಿ, ಮರಳಿನ ಟಿಪ್ಪರು, ಶುಂಠಿ ತುಂಬಿದ ಪಿಕಪ್ಪು, ಕಾಫಿ ಕೊಯ್ಲಿನ ತಿಂಗಳಲ್ಲಿ ಆಳುಗಳನ್ನು ತುಂಬಿಕೊಂಡು ಬರುವ ಜೀಪು, ಎಲ್ಲಕ್ಕೂ ಇದೇ ದಾರಿ. ಎಲ್ಲರಿಗೂ ಟೈಮಿಲ್ಲ ಎಂದು ಮೂಲೆಯಲ್ಲಿ ಕೂತವರು ಹೇಳುತ್ತಾರೆ. ಒಂದು ಹಂಪ್ ಹಾಕಿಸಿ ಅಂತ ಎಷ್ಟು ಸಲ ಹೇಳೋದು, ಒಂದು ಹೆಣ ಬಿದ್ದರೆ ನಾಳೆಯೇ ಹಾಕ್ತಾರೆ.

ಈ ಕೊನೆಯ ಮಾತನ್ನು ಕರ್ನಾಟಕದ ಯಾವ ಊರಿಗೆ ಹೋದರೂ ಕೇಳುತ್ತೀರಿ. ಅಪಘಾತ, ಶವವನ್ನು ರಸ್ತೆಯಲ್ಲಿಟ್ಟು ಪ್ರತಿಭಟನೆ, ಅಧಿಕಾರಿಗಳ ಭರವಸೆ, ಮರುದಿನ ಡಾಂಬರಿನ ಉಬ್ಬು. ಇದೇ ಕ್ರಮ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಕೇಂದ್ರ ಸಾರಿಗೆ ಸಚಿವಾಲಯದ ಅದೇ ವರ್ಷದ ವರದಿಯ ಪ್ರಕಾರ ನೂರಕ್ಕೆ 71 ಸಾವುಗಳ ಹಿಂದೆ ಇದ್ದದ್ದು ಅತಿವೇಗ. ಇಷ್ಟೆಲ್ಲ ಗೊತ್ತಿದ್ದೂ ಮೊದಲು ಸಾವು, ಆಮೇಲೆ ಉಬ್ಬು ಎಂಬ ಕ್ರಮವನ್ನು ನಾವು ಒಪ್ಪಿಕೊಂಡು ಕೂತಿದ್ದೇವೆ. ತಿರುಗಿಸಬೇಕಾದದ್ದು ಈ ಕ್ರಮವನ್ನೇ.

ಕಾದು ಸಾಕಾದ ಬೀದಿಗಳು ತಾವೇ ಉಬ್ಬು ಹಾಕಿಕೊಳ್ಳುವುದೂ ಉಂಟು. ಬೆಂಚಿನಿಂದ ಎದ್ದು ಸ್ವಲ್ಪ ದೂರ ನಡೆದರೆ ಅಂಥದೊಂದರ ಗುರುತು ಕಾಣುತ್ತದೆ. ಬಗ್ಗಿ ನೋಡಿ. ರಸ್ತೆಯ ಅಡ್ಡಕ್ಕೆ ಒಂದು ಗೇಣು ಅಗಲದ ದಿಂಡು. ಕೆಂಪು ಮಣ್ಣು, ಜಲ್ಲಿ, ಎಲ್ಲಿಂದಲೋ ತಂದ ಸಿಮೆಂಟು ಕಲಸಿ ರಾತ್ರೋರಾತ್ರಿ ಹಾಕಿದ್ದು. ನಡುವೆ ಟೈರು ಸವೆಸಿದ ಎರಡು ಗಾಲಿಜಾಡು. ಮಳೆಗೆ ಮಣ್ಣು ಕರಗಿ ಜಲ್ಲಿಯ ಚೂಪು ಮೇಲೆದ್ದಿದೆ. ಒಂದು ತುದಿ ಪೂರ್ತಿ ಕಿತ್ತುಹೋಗಿದೆ. ಬೈಕಿನವರು ಅಲ್ಲೇ ನುಸುಳಿ, ಮನೆಯ ಮೆಟ್ಟಿಲಿಗೆ ಇನ್ನೂ ಹತ್ತಿರ ಬಂದು ಹೋಗುತ್ತಾರೆ. ಬಣ್ಣವಿಲ್ಲ, ಫಲಕವಿಲ್ಲ. ಹಗಲಲ್ಲೇ ಕಣ್ಣಿಗೆ ಬೀಳುವುದು ಕಷ್ಟ. ರಾತ್ರಿ, ಮಳೆಯಲ್ಲಿ, ಹಿಂದೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುವ ಸವಾರನಿಗೆ ಇದು ಕಾಣುವುದು ಮುಂಗಾಲಿ ಹಾರಿದ ಮೇಲೆ. ಜೀವ ಉಳಿಸಲೆಂದು ಹಾಕಿದ್ದೇ ಜೀವ ತೆಗೆಯಬಹುದು. ಹಾಕಿದವರ ಸಂಕಟ ನಿಜ, ಆದರೆ ಈ ದಿಂಡು ಅದಕ್ಕೆ ಪರಿಹಾರವಲ್ಲ.

ಹಾಗಾದರೆ ಸರಿಯಾದ ಉಬ್ಬು ಹೇಗಿರುತ್ತದೆ? ಮಧ್ಯಾಹ್ನ ಗಾಡಿಗಳ ಸಂತೆ ಕೊಂಚ ಇಳಿದಾಗ ಒಂದು ಅಳತೆ ಟೇಪು, ಒಂದು ಬೊಗಸೆ ಸುಣ್ಣ ತಂದು ರಸ್ತೆಯ ಅಂಚಿನ ಮಣ್ಣಿನಲ್ಲಿ ಗೆರೆ ಎಳೆದು ನೋಡಿ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೊಟ್ಟ ಅಳತೆ ಇದು: ಗಾಡಿ ಸಾಗುವ ದಿಕ್ಕಿಗೆ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಮೊದಲ ಗೆರೆಯಿಂದ 3.7 ಮೀಟರ್ ಅಳೆದು ಎರಡನೇ ಗೆರೆ ಎಳೆದಾಗ ಸುತ್ತ ನಿಂತವರೆಲ್ಲ ಬೆರಗಾಗುತ್ತಾರೆ. ಇಷ್ಟು ಅಗಲವೇ? ಒಬ್ಬ ಮನುಷ್ಯ ಉದ್ದಕ್ಕೆ ಮಲಗಿ, ಅವನ ತಲೆಯ ಮುಂದೆ ಇನ್ನೊಬ್ಬ ಮಲಗಿದರೂ ಜಾಗ ಉಳಿಯುತ್ತದೆ. ಎತ್ತರ ಮಾತ್ರ ಅಂಗೈ ಅಗಲಕ್ಕಿಂತ ತುಸು ಹೆಚ್ಚು. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದವನಿಗೆ ಇದು ಮೆಲ್ಲಗೆ ಎತ್ತಿ ಇಳಿಸಿದಂತಾಗುತ್ತದೆ. 50ರಲ್ಲಿ ಬಂದವನು ಸೀಟಿನಿಂದ ಏಳುತ್ತಾನೆ. ಬಸ್ಸು ಲಾರಿಗಳೇ ಹೆಚ್ಚಿರುವ ಕಡೆ ಅಗಲ ಐದು ಮೀಟರ್, ಎತ್ತರ ಅಷ್ಟೇ. ಉಬ್ಬಿನ ಮೇಲೆ ಕಪ್ಪು ಬಿಳುಪು ಪಟ್ಟೆ, ಕತ್ತಲೆಯಲ್ಲಿ ಮಿನುಗುವ ಬಣ್ಣ, ಎರಡೂ ಕಡೆ 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ. ಒಂದೇ ಉಬ್ಬು ಹಾಕಿದರೆ ಅದನ್ನು ದಾಟಿದವನು ಮತ್ತೆ ಕಾಲೊತ್ತುತ್ತಾನೆ. ಆದ್ದರಿಂದ 100ರಿಂದ 120 ಮೀಟರಿಗೆ ಒಂದರಂತೆ ಸಾಲಾಗಿ ಇರಬೇಕು.

ಈ ಅಳತೆಗೆ ಒಂದು ಚರಿತ್ರೆ ಇದೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ವಾಟ್ಸ್ ಎಂಬ ಸಂಶೋಧಕ ನಾನಾ ಆಕಾರದ ಉಬ್ಬುಗಳ ಮೇಲೆ ಗಾಡಿ ಓಡಿಸಿ ಪರೀಕ್ಷಿಸಿ, ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರದ ದುಂಡು ಉಬ್ಬನ್ನು ಆರಿಸಿದರು. ಗಿಡ್ಡ, ಚೂಪು ಉಬ್ಬಿನಲ್ಲಿ ಒಂದು ದೋಷವಿದೆ. ವೇಗವಾಗಿ ಹಾರಿಸಿದಷ್ಟೂ ಒಳಗೆ ಕೂತವರಿಗೆ ಕುಲುಕು ಕಡಿಮೆ, ಏಕೆಂದರೆ ಪೆಟ್ಟನ್ನೆಲ್ಲ ಸ್ಪ್ರಿಂಗು ನುಂಗುತ್ತದೆ. ಅಗಲದ ಉಬ್ಬಿನಲ್ಲಿ ವೇಗ ಹೆಚ್ಚಿದಷ್ಟೂ ಮೈಗೆ ತಟ್ಟುತ್ತದೆ. ನಮ್ಮ ಊರಿನ ಗೇಣು ಅಗಲದ ದಿಂಡು ನಿಧಾನವಾಗಿ ಬರುವ ಮುದುಕನ ಸೊಂಟ ಮುರಿಯುವುದು, ಜೋರಾಗಿ ಬರುವ ಜೀಪನ್ನು ತಡೆಯದಿರುವುದು ಇದೇ ಕಾರಣಕ್ಕೆ.

ಉಬ್ಬು ಒಂದೇ ದಾರಿಯೂ ಅಲ್ಲ. ರಸ್ತೆ ಕಾಂಗ್ರೆಸ್ 2018ರಲ್ಲಿ ಆ ಮಾರ್ಗಸೂಚಿಯನ್ನು ಪರಿಷ್ಕರಿಸಿ, ಪೇಟೆಗೂ ಹಳ್ಳಿಗೂ ಅನ್ವಯವಾಗುವಂತೆ ವಿಸ್ತರಿಸಿದೆ. ಊರು ಶುರುವಾಗುವಲ್ಲಿ ರಸ್ತೆಯನ್ನು ಕೊಂಚ ಕಿರಿದು ಮಾಡುವುದು, ನೇರ ರಸ್ತೆಗೆ ಸಣ್ಣ ಬಳುಕು ಕೊಡುವುದು, ದಾಟುವ ಜಾಗವನ್ನೇ ಎತ್ತರಿಸಿ ಅಜ್ಜಿ ಮೇಲೆ ನಡೆಯುವಾಗ ಗಾಡಿ ಹತ್ತಿ ಇಳಿಯುವಂತೆ ಮಾಡುವುದು, ಗುರ್ರೆನ್ನುವ ರಂಬಲ್ ಪಟ್ಟಿ ಬಳಿಯುವುದು. ಗುಡ್ಡೆಹೊಸೂರಿನಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 275ರಂಥ ಕಡೆ ಎತ್ತರದ ಉಬ್ಬಿಗೆ ಅವಕಾಶವಿಲ್ಲ. ಅಲ್ಲಿ ರಂಬಲ್ ಪಟ್ಟಿಯೇ ಗತಿ. ಹಳ್ಳಿ ರಸ್ತೆಗೆ ಆ ಅಡ್ಡಿ ಇಲ್ಲ.

ಸುಣ್ಣದ ಗೆರೆಯ ಸುತ್ತ ನಿಂತವರಲ್ಲಿ ಎಲ್ಲರೂ ಒಪ್ಪುವುದಿಲ್ಲ. ಅವರ ಮಾತನ್ನೂ ಕೇಳಿಸಿಕೊಳ್ಳಿ. ಆಂಬುಲೆನ್ಸ್ ಬಂದರೆ? ಕುಶಾಲನಗರದ ಆಸ್ಪತ್ರೆಗೋ ಮಡಿಕೇರಿಗೋ ಮೈಸೂರಿಗೋ ಸಾಗಿಸಬೇಕಾದ ಹೊತ್ತಿನಲ್ಲಿ ಒಂದೊಂದು ಉಬ್ಬೂ ಭಾರವೇ ಅಲ್ಲವೇ? ತುಂಬಿದ ಗರ್ಭಿಣಿಯನ್ನು ಆಟೋದಲ್ಲಿ ಕರೆದೊಯ್ಯುವವರು ಏನು ಮಾಡಬೇಕು? ಪ್ರಶ್ನೆ ಸರಿಯಾದದ್ದು. ಅಳತೆ ಪ್ರಕಾರದ ಉಬ್ಬು ದಾಟಲು ಹಿಡಿಯುವುದು ಕೆಲವೇ ಸೆಕೆಂಡು, ಕುಲುಕೂ ಸಹಿಸುವಷ್ಟೇ. ಗೇಣು ಅಗಲದ ದಿಂಡಿನ ಮೇಲೆ ರೋಗಿಗೆ ಆಗುವ ಹಿಂಸೆ ಇದಕ್ಕಿಂತ ಎಷ್ಟೋ ಹೆಚ್ಚು. ಆಸ್ಪತ್ರೆಗೆ ಹೋಗುವ ದಾರಿಯನ್ನು ಕಾಪಾಡಲಿಕ್ಕಾದರೂ ಉಬ್ಬನ್ನು ಎಂಜಿನಿಯರ್ ಕೈಯಲ್ಲಿ ಅಳೆಸಿಯೇ ಹಾಕಿಸಬೇಕು. ಅಂಗಡಿಯವರಿಗೆ ಇನ್ನೊಂದು ಅಳುಕು: ಗಾಡಿಯವರು ಬೇಸತ್ತು ಬರುವುದೇ ಬಿಟ್ಟರೆ ವ್ಯಾಪಾರ? ಬೆಂಚಿನ ಮೇಲಿದ್ದವರೇ ಅದಕ್ಕೆ ಉತ್ತರ ಕೊಡುತ್ತಾರೆ. 60ರಲ್ಲಿ ಹೋಗುವವನಿಗೆ ನಿನ್ನ ಅಂಗಡಿ ಕಾಣುವುದೇ ಇಲ್ಲ ಮಾರಾಯ, ನಿಧಾನ ಹೋದರೆ ತಾನೇ ಚಹಾ ಕುಡಿಯುವುದು!

ಈಗ ಕಾಗದದ ವಿಷಯ. ಅರ್ಜಿ ಬರೆಯುವುದು ಸುಲಭ, ಯಾರಿಗೆ ಕೊಡುವುದು ಎಂಬಲ್ಲಿಯೇ ಊರು ಸುಸ್ತಾಗುತ್ತದೆ. ಒಳರಸ್ತೆಯಾದರೆ ಗ್ರಾಮ ಪಂಚಾಯಿತಿ. ಗ್ರಾಮೀಣ ರಸ್ತೆಯಾದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆ. ಅಣೆಕಟ್ಟಿನ ಆವರಣವಾದರೆ ಕಾವೇರಿ ನೀರಾವರಿ ನಿಗಮ. ವೇಗ ಹಿಡಿಯುವುದು ಪೊಲೀಸರ ಕೆಲಸ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಕಾಗದ ಹಳದಿಯಾಗುತ್ತದೆ. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಮಾತನ್ನು ಕೇಳಿ ವಾಪಸು ಬರುವವರು ಕೂಲಿ ಕಳೆದುಕೊಂಡು ಹೋದವರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೂ ದಾರಿಗಳಿವೆ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ರಸ್ತೆಯಲ್ಲಿ ಮುರಿದ ಮೈಗಳನ್ನು ದಿನವೂ ಜೋಡಿಸುತ್ತಿದ್ದ ವೈದ್ಯ ಅವರು. ಅವರು ಹೂಡಿದ ಮೊಕದ್ದಮೆಯಲ್ಲಿ 2017ರ ನವೆಂಬರ್ 30ರಂದು ಕೋರ್ಟು ಕೊಟ್ಟ ನಿರ್ದೇಶನಗಳಲ್ಲಿ ಪ್ರತಿ ಜಿಲ್ಲೆಗೂ ರಸ್ತೆ ಸುರಕ್ಷತಾ ಸಮಿತಿ ಇರಬೇಕು ಎಂಬುದೂ ಒಂದು. ಆ ಸಮಿತಿಗೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್, ಸಾರಿಗೆ, ಲೋಕೋಪಯೋಗಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. ನಮ್ಮದಲ್ಲ ಎನ್ನಲು ಅಲ್ಲಿ ಯಾರಿಗೂ ಅವಕಾಶವಿಲ್ಲ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ ಈ ಸಮಿತಿಗೆ ಕೊಟ್ಟರೆ ಅದು ಬರೀ ನಾಲ್ಕು ಜನರ ದೂರಾಗಿ ಉಳಿಯುವುದಿಲ್ಲ.

ಇನ್ನೊಂದು ವಿಷಯ ಬೆಂಚಿನ ಮೇಲಿರುವ ಯಾರಿಗೂ ಗೊತ್ತಿಲ್ಲ. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯ ಪ್ರಕಾರ, ಬೇರೆ ಮಿತಿ ಗೊತ್ತುಮಾಡದ ಸಾಮಾನ್ಯ ರಸ್ತೆಯಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 70 ಕಿಲೋಮೀಟರ್. ಅಂದರೆ ಅಜ್ಜಿಯ ಮುಂದೆ 65ರಲ್ಲಿ ಹೋದವನನ್ನು ಅತಿವೇಗವೆಂದು ಹಿಡಿಯುವುದಕ್ಕೂ ಆಗುವುದಿಲ್ಲ. ಇದನ್ನು ಕೇಳಿದಾಗ ಬೆಂಚಿನವರ ಮುಖ ನೋಡಬೇಕು. ಮಿತಿಯನ್ನು ಇಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನಲ್ಲಿದೆ. ರಾಜ್ಯ ಸರ್ಕಾರವೋ ಅದು ಅಧಿಕಾರ ಕೊಟ್ಟವರೋ ಒಂದು ಪ್ರದೇಶಕ್ಕೋ ಒಂದು ರಸ್ತೆಗೋ ಕಡಿಮೆ ಮಿತಿ ಗೊತ್ತುಮಾಡಿ ಫಲಕ ಹಾಕಿಸಬಹುದು. ಆದ್ದರಿಂದ ಅರ್ಜಿಯಲ್ಲಿ ಮೊದಲು ಕೇಳಬೇಕಾದದ್ದು 30ರ ಮಿತಿ. ಉಬ್ಬು ಅದನ್ನು ಪಾಲಿಸುವಂತೆ ಮಾಡುವ ಸಾಧನ.

ಕೊಡಗಿನಲ್ಲಿ ಇಂಥ ಅಧಿಕಾರ ಬಳಸುವುದು ಹೊಸದೂ ಅಲ್ಲ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯವಿದ್ದಾಗ ಭಾರೀ ಸರಕು ಲಾರಿಗಳನ್ನು ನಿಷೇಧಿಸಿ ಜಿಲ್ಲಾಧಿಕಾರಿ ಆದೇಶ ಹೊರಡಿಸುವುದನ್ನು ಇಲ್ಲಿನವರು ಬಲ್ಲರು. ಮಣ್ಣು ಕುಸಿಯದಿರಲಿ ಎಂದು ರಸ್ತೆಯ ಬಳಕೆಗೆ ಕಡಿವಾಣ ಹಾಕಬಹುದಾದರೆ, ಮನುಷ್ಯರು ಸಾಯದಿರಲಿ ಎಂದೂ ಹಾಕಬಹುದು.

ಸಂಜೆ ಐದೂವರೆ. ಹಾರಂಗಿ ನೋಡಿದವರು ಮರಳುವ ಹೊತ್ತು. ಬೆಳಗ್ಗೆ ಹೋದದ್ದಕ್ಕಿಂತ ಹೆಚ್ಚು ಅವಸರ, ಏಕೆಂದರೆ ರಾತ್ರಿಯೊಳಗೆ ಬೆಂಗಳೂರು ಸೇರಬೇಕು. ಜೋಳವನ್ನು ರಾಶಿ ಮಾಡಿ ಮುಚ್ಚಿ ಆಗಿದೆ. ಮಕ್ಕಳನ್ನು ಒಳಗೆ ಕರೆಯುವ ಕೂಗು ಮನೆಮನೆಯಿಂದ ಕೇಳಿಸುತ್ತದೆ. ಭಾನುವಾರ ಸಂಜೆ, ಬೇರೆ ಊರುಗಳಲ್ಲಿ ಮಕ್ಕಳು ಹೊರಗೆ ಆಡುವ ಹೊತ್ತಿಗೆ ಇಲ್ಲಿನ ಮಕ್ಕಳು ಒಳಗೆ. ಇದರ ಲೆಕ್ಕ ಯಾವ ಅಪಘಾತ ವರದಿಯಲ್ಲೂ ಬರುವುದಿಲ್ಲ.

ರಸ್ತೆ ಮಕ್ಕಳ ಪಾಲಿಗೆ ಭಯವಾದದ್ದು ಇಲ್ಲಿ ಮಾತ್ರವಲ್ಲ. 1971ರಲ್ಲಿ ನೆದರ್‌ಲ್ಯಾಂಡ್ಸ್‌ನ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದಿಂದ ಮಕ್ಕಳ ಕೊಲೆ ನಿಲ್ಲಿಸಿ ಎಂಬ ಹೆಸರಿನ ಚಳವಳಿಯೇ ಹುಟ್ಟಿತು. ತಂದೆತಾಯಿಯರು ಬೀದಿಗೆ ಇಳಿದರು, ಮಕ್ಕಳನ್ನು ರಸ್ತೆಯಲ್ಲಿ ಆಡಲು ಬಿಟ್ಟು ಗಾಡಿ ನಿಲ್ಲಿಸಿದರು. ಡೆಲ್ಫ್ಟ್ ಎಂಬ ಊರಿನ ಬೀದಿಗಳಲ್ಲಿ ಗಿಡದ ತೊಟ್ಟಿ, ಬೆಂಚು, ಬಳುಕು ಇಟ್ಟು ಗಾಡಿಗಳನ್ನು ನಡಿಗೆಯ ವೇಗಕ್ಕೆ ಇಳಿಸಿದ ಪ್ರಯೋಗಕ್ಕೆ 1976ರಲ್ಲಿ ಕಾನೂನಿನ ಮನ್ನಣೆ ಸಿಕ್ಕಿತು. ಇಂದು ಆ ದೇಶದ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿರುವುದರ ಹಿಂದೆ ಆ ಹಟವಿದೆ. ಅಲ್ಲಿನವರೂ ನಮ್ಮಂತೆ ಸಾವಿನಿಂದಲೇ ಪಾಠ ಕಲಿತರು. ನಾವು ಅವರ ಪಾಠದಿಂದಲೇ ಕಲಿಯಬಹುದು.

ಕತ್ತಲಾಗುತ್ತಿದೆ. ಊರಾಚೆಯ ಕಾಡಿನಿಂದ ಆನೆಗಳು ಹೊಲಕ್ಕೆ ಇಳಿಯುವ ಹೊತ್ತು. ಹಾರಂಗಿಯ ಸುತ್ತಮುತ್ತ, ಆಚೆ ಆನೆಕಾಡಿನ ಹೆದ್ದಾರಿಯಲ್ಲಿ, ರಸ್ತೆ ದಾಟುವುದು ಅವಕ್ಕೂ ನಿತ್ಯದ ಪಾಡು. 2018ರ ಅಕ್ಟೋಬರಿನಲ್ಲಿ ನಾಗರಹೊಳೆಯ ಮತ್ತಿಗೋಡು ಶಿಬಿರದ ಬಳಿ ಬೆಳಗಿನ ಜಾವ ಖಾಸಗಿ ಬಸ್ಸೊಂದು ಗುದ್ದಿ ಸತ್ತ ರಂಗನನ್ನು ಕೊಡಗಿನವರು ಮರೆತಿಲ್ಲ. ಬನ್ನೇರುಘಟ್ಟದ ಕಡೆ ಹಿಡಿದು ತಂದು, ಪಳಗಿಸಿ, ಎಲ್ಲರ ಮೆಚ್ಚುಗೆ ಗಳಿಸಿದ್ದ ದೊಡ್ಡ ಗಂಡಾನೆ. ಹುಣಸೂರು–ಗೋಣಿಕೊಪ್ಪ ರಸ್ತೆಯಲ್ಲಿ ಅದರ ಬೆನ್ನುಮೂಳೆ ಮುರಿಯಿತು. ಟನ್ನುಗಟ್ಟಲೆ ತೂಗುವ ಆನೆಯನ್ನೇ ಕೆಡವಿದ ವೇಗದ ಮುಂದೆ ಹುಲ್ಲಿನ ಹೊರೆ ಹೊತ್ತ ಅಜ್ಜಿ ಏನು ಮಾಡಿಯಾರು? ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರವನ್ನೇ ತಡೆದಿದ್ದಾರೆ. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿನ ರಸ್ತೆಯುದ್ದಕ್ಕೂ ಉಬ್ಬುಗಳಿವೆ. ಪ್ರಾಣಿಗಳಿಗಾಗಿ ರಾಜ್ಯ ಅಷ್ಟು ಮಾಡಿದ್ದು ಹೆಮ್ಮೆಯ ಸಂಗತಿ. ಅದೇ ಕಾಳಜಿ ಬಾಗಿಲ ಮುಂದೆ ಆಡುವ ಮಕ್ಕಳಿಗೂ ಸಲ್ಲಬೇಕು.

ಸೋಮವಾರ ಬೆಳಗ್ಗೆ ಎಂಟೂವರೆಗೆ ಮತ್ತೆ ಇಲ್ಲಿಗೇ ಬನ್ನಿ. ಪ್ರವಾಸಿಗಳ ಗಾಡಿಗಳಿಲ್ಲ. ಸಮವಸ್ತ್ರದ ಮಕ್ಕಳು ಇಬ್ಬಿಬ್ಬರಾಗಿ ಅಂಚು ಹಿಡಿದು ಶಾಲೆಗೆ ನಡೆಯುತ್ತಿದ್ದಾರೆ. ಮಳೆಗೆ ಅಂಚಿನ ಮಣ್ಣು ಕೆಸರಾಗಿರುವುದರಿಂದ ಅವರೂ ಡಾಂಬರಿನ ಮೇಲೆಯೇ ಬರುತ್ತಾರೆ. ದೊಡ್ಡವಳು ಚಿಕ್ಕವನನ್ನು ಒಳಗಿನ ಬದಿಗೆ ಎಳೆದುಕೊಂಡು ತಾನು ರಸ್ತೆಯ ಕಡೆಗೆ ನಡೆಯುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ಈ ಬೀದಿಯಲ್ಲಿ ಬೆಳೆದದ್ದರಿಂದ ಕಲಿತದ್ದು. ಹತ್ತು ವರ್ಷದ ಹುಡುಗಿ ತಮ್ಮನಿಗೆ ತನ್ನ ಮೈಯನ್ನೇ ತಡೆಗೋಡೆ ಮಾಡಬೇಕಾದ ರಸ್ತೆಯನ್ನು ಅಭಿವೃದ್ಧಿ ಎನ್ನಲಾಗದು.

ಚಹಾ ಅಂಗಡಿಯ ಬೆಂಚಿನ ಮೇಲೆ ಅರ್ಜಿ ತಯಾರಾಗುತ್ತಿದೆ. ಬಿಳಿ ಹಾಳೆ, ನೀಲಿ ಪೆನ್ನು, ಅಂಚಿನಲ್ಲಿ ಚಹಾದ ಕಲೆ. ಮೊದಲ ಕರಡಿನಲ್ಲಿ ಒಂದೇ ಸಾಲು ಇತ್ತು: ದಯವಿಟ್ಟು ಹಂಪ್ಸ್ ಹಾಕಿಸಿಕೊಡಿ. ಈಗ ಬೇಡಿಕೆಗಳು ಆರಾಗಿವೆ. ಊರ ಗಡಿಯಿಂದ ಗಡಿಯವರೆಗೆ ಗಂಟೆಗೆ 30 ಕಿಲೋಮೀಟರ್ ಮಿತಿ, ಎರಡೂ ತುದಿಗೆ ಫಲಕ. ರಸ್ತೆ ಕಾಂಗ್ರೆಸ್ ಅಳತೆಯ ಉಬ್ಬುಗಳು, ಬಣ್ಣ ಮತ್ತು ಎಚ್ಚರಿಕೆಯ ಫಲಕದೊಂದಿಗೆ. ಈಗಿರುವ ಮಣ್ಣಿನ ದಿಂಡನ್ನು ತೆಗೆಸುವುದು. ಶಾಲೆಯ ಮುಂದೆ ಎತ್ತರಿಸಿದ ದಾಟುದಾರಿ. ತಿರುವಿನಲ್ಲಿ ಕಣ್ಣಿಗೆ ಅಡ್ಡ ಬರುವ ಪೊದೆ ಕಡಿಸಿ, ಮಕ್ಕಳು ನಡೆಯಲು ಅಂಚಿಗೆ ಗಟ್ಟಿ ದಾರಿ. ವಾರಾಂತ್ಯದಲ್ಲಿ ಮತ್ತು ಗೇಟು ತೆರೆದ ದಿನಗಳಲ್ಲಿ ಪೊಲೀಸರ ವೇಗ ತಪಾಸಣೆ.

ಏಳನೆಯದನ್ನು ಸೇರಿಸಿದವರು ಬೈಕಿನ ಹುಡುಗರ ತಾಯಂದಿರು. ಅದು ಬೇಡಿಕೆಯಲ್ಲ, ಮಾತು ಕೊಡುವುದು: ಈ ಊರಿನ ಗಾಡಿಗಳು ಇಂದಿನಿಂದಲೇ ಊರೊಳಗೆ 30 ಮೀರುವುದಿಲ್ಲ. ಹುಡುಗರೂ ಬಂದು ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಇಷ್ಟು ಅಳೆದು, ಇಷ್ಟು ಯೋಚಿಸಿ, ತಮ್ಮ ಪಾಲಿನ ಹೊಣೆಯನ್ನೂ ಹೊತ್ತು ಒಂದು ಬೀದಿ ಕೇಳುವಾಗ ಅದಕ್ಕೆ ಉತ್ತರ ಕೊಡದಿರಲು ಯಾವ ಇಲಾಖೆಗೂ ನೆಪವಿಲ್ಲ. ಕೆಲವು ಲಾರಿ ಡಾಂಬರು, ನಾಲ್ಕಾರು ಫಲಕ, ಒಂದು ಆದೇಶ, ಬೇಕಾದದ್ದು ಇಷ್ಟೇ. ಇದೇ ಉಬ್ಬುಗಳು ಈ ರಸ್ತೆಗೆ ಒಂದು ದಿನ ಬಂದೇ ಬರುತ್ತವೆ. ಅವು ಯಾರದೋ ಮಗುವಿನ ತಿಥಿಯ ಮಾರನೆಯ ದಿನ ಬರಬಾರದು. ಈ ಅರ್ಜಿಯ ಮೇಲಿರುವ ತಾರೀಕಿನ ಬಲದಿಂದಲೇ ಬರಬೇಕು.